ಮೂರು ಊರು, ಎರಡು ದಿಕ್ಕಿನ ನೀರು

ತೆಲಂಗಾಣದ ಜಹೀರಾಬಾದ್ ಕಡೆ ಬಿದ್ದ ಮಳೆಯನ್ನು ನಾರಿಂಜಾ ಹಳ್ಳ ಪಶ್ಚಿಮಕ್ಕೆ, ನಮ್ಮ ಬೀದರ್ ಜಿಲ್ಲೆಗೆ ಒಯ್ಯುತ್ತದೆ. ಅಲ್ಲಿ ಮಾಂಜ್ರಾ ನದಿ ಸೇರಿದ ಆ ನೀರು ಮತ್ತೆ ಗಡಿ ದಾಟಿ, ನಾರಾಯಣಖೇಡದ ದಕ್ಷಿಣಕ್ಕೆ ಹರಿದು ಸಿಂಗೂರು ಜಲಾಶಯಕ್ಕೆ ಬರುತ್ತದೆ. ಹೋದ ನೀರು ತಿರುಗಿ ಬಂತಲ್ಲ!

ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡದಲ್ಲಿ ಹುಟ್ಟುವ ಮಾಂಜ್ರಾ ಸುಮಾರು 724 ಕಿಲೋಮೀಟರ್ ಹರಿದು ಕಂದಕುರ್ತಿಯಲ್ಲಿ ಗೋದಾವರಿ ಸೇರುತ್ತದೆ. ಕಬ್ಬಿನ ಗದ್ದೆಗೂ ಹೈದರಾಬಾದಿನ ನಲ್ಲಿಗೂ ಇದೇ ನೀರು. ಮಳೆಗಾಲದಲ್ಲಿ ಸಿಂಗೂರಿನ ಗೇಟು ತೆರೆದರೆ ಮೆದಕ್ ಬಳಿಯ ಏಡುಪಾಯಲ ದುರ್ಗಮ್ಮನ ಗುಡಿಯೊಳಗೇ ಹೊಳೆ ನುಗ್ಗುತ್ತದೆ. ಆಗ ಉತ್ಸವಮೂರ್ತಿಯನ್ನು ರಾಜಗೋಪುರದಲ್ಲಿಟ್ಟು ಪೂಜೆ ಮಾಡುತ್ತಾರೆ. ಹೊಳೆ ಬಂತೆಂದು ಪೂಜೆ ನಿಲ್ಲುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೆ. ನನಗೆ ಬಹಳ ಹಿಡಿಸಿದ್ದು ಇದು.

ತೆಲಂಗಾಣದ ಇನ್ನೊಂದು ಊರು ತಾಂಡೂರಿನ ನೀರಿನ ದಾರಿಯೇ ಬೇರೆ. ಅಲ್ಲಿನ ಕಾಗಿಣಾ ನದಿ ಕಲಬುರಗಿ ಜಿಲ್ಲೆಗೆ ಇಳಿದು, ರಾಷ್ಟ್ರಕೂಟರ ಮಳಖೇಡದ ಕೋಟೆ ಬದಿಗೆ ಹರಿದು ಭೀಮಾ ಸೇರುತ್ತದೆ, ಮುಂದೆ ಕೃಷ್ಣೆ. ತೊಗರಿಗೂ ಹಾಸುಗಲ್ಲಿಗೂ ಹೆಸರಾದ ಸೀಮೆ ಅದು, ಗಡಿಯ ಆಚೆಗೂ ಈಚೆಗೂ.

ಮಾಂಜ್ರಾ ನೀರು ತೆಲಂಗಾಣಕ್ಕೆಷ್ಟು ನಮಗೆಷ್ಟು ಎಂದು ಮಾತು ಬಂದಾಗ ನಾರಿಂಜಾ, ಕಾಗಿಣಾ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವು ಅಲ್ಲಿಂದ ಇಲ್ಲಿಗೆ ಬರುವ ನೀರು.