ಅಜ್ಜನ ಅಡಕೊತ್ತು

ಯಾದಗಿರಿಯಲ್ಲಿ ರೈಲಿಳಿದು ಶಹಾಪುರದ ಬಸ್ ಹತ್ತಿದೆ. ಭೀಮಾ ಸೇತುವೆ ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜ ಎಲೆಸಂಚಿ ಬಿಚ್ಚಿ ಅಡಕೊತ್ತು ತೆಗೆದರು. ಹಿತ್ತಾಳೆ ಹಿಡಿ ಸವೆದು ಬೆರಳಿನ ಗುರುತು ಬಿದ್ದಿತ್ತು.

"ಹೊಸಾದು ತಗೋಬಾರದೇನ್ರಿ?" ಅಂದೆ.

"ಇದು ನಮ್ಮಪ್ಪಂದು. ಹೊಸಾದಕ್ಕ ನನ್ನ ಕೈ ಗೊತ್ತಿರಂಗಿಲ್ಲ ನೋಡ್ರಿ" ಅಂದರು.

ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ನೋಡಿಕೊಂಡು ಸುರಪುರದ ಕಡೆ ಹೊರಟೆ. ದಾರಿಯಲ್ಲಿ ಕುರಿಗಾಹಿಯೊಬ್ಬ ಉದ್ದ ಗಳಕ್ಕೆ ಕಟ್ಟಿದ ಕುಡಗೋಲಿನಿಂದ ಜಾಲಿ ಟೊಂಗೆ ಇಳಿಸುತ್ತಿದ್ದ. ಅವನನ್ನೂ ಅದನ್ನೇ ಕೇಳಿದೆ. "ಅಲಗು ಸವೆದ್ರ ಕಮ್ಮಾರ ಹಣೀತಾನ, ಹಿಡಿ ಮುರಿದ್ರ ಜಾಲಿ ಕಟಗಿ ಐತಿ. ಬಿಸಾಕೂದು ಯಾಕ್ರಿ?" ಅಂದ.

ಸುರಪುರ ಬೇಡ ನಾಯಕರ ಊರು. ಟೇಲರ್ ಮಂಜಿಲ್ ಮುಂದೆ ನಿಂತಾಗ ಬಾಗಲಕೋಟೆ ಜಿಲ್ಲೆಯ ಹಲಗಲಿ ನೆನಪಾಯಿತು. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿ ಅಂದಾಗ ಅಲ್ಲಿನ ಬೇಡರು ಒಲ್ಲೆವೆಂದು ಬಡಿದಾಡಿದರು. ಮರುವರ್ಷ ರಾಜಾ ವೆಂಕಟಪ್ಪ ನಾಯಕರ ಸುರಪುರವೂ ಬ್ರಿಟಿಷರ ವಿರುದ್ಧ ಎದ್ದಿತು. ಶಾಲೆಯಲ್ಲಿ ಓದುವಾಗ, ಒಂದು ಕತ್ತಿಗಾಗಿ ಜೀವ ಕೊಡೋದಾ ಅನ್ನಿಸಿತ್ತು. ಬಸ್ಸಿನ ಅಜ್ಜನ ಮಾತು ಕೇಳಿದ ಮೇಲೆ ಸ್ವಲ್ಪ ತಿಳಿಯಿತು. ಅಪ್ಪನ ಕೈಯಿಂದ ಬಂದದ್ದನ್ನು ಯಾರೋ ಕೇಳಿದರೆ ಹೇಗೆ ಕೊಡೋದು?

ನಾನು ಕೊಟ್ಟಿದ್ದೆ. ಅಪ್ಪ ತೀರಿಕೊಂಡ ವರ್ಷ ಅವರ ಅಡಕೊತ್ತು ಹಳೇ ಕಬ್ಬಿಣದ ಗಾಡಿಗೆ ಹೋಯಿತು. ಕೈಯಾರೆ ಹಾಕಿದವನು ನಾನೇ.

ಸುರಪುರದ ಅಂಗಡಿಯಲ್ಲಿ ಹೊಸದೊಂದು ಕೊಂಡೆ. ನನಗೆ ಎಲೆ-ಅಡಿಕೆ ಅಭ್ಯಾಸವಿಲ್ಲ. ಆದರೂ ವಾಪಸ್ ಬರುವಾಗ ಯಾದಗಿರಿಯವರೆಗೂ ಅದನ್ನು ಹಿಡಿದೇ ಕೂತಿದ್ದೆ. ಕೈಗೆ ಇನ್ನೂ ಒಗ್ಗಿಲ್ಲ.