ಸೆಕೆ ಎಲ್ಲಿಗೆ ಹೋಯಿತು?

ಕೊಂಡು ತಂದ ವಸ್ತುವನ್ನು ತಂದ ಹಾಗೆಯೇ ಬಳಸಿ ಸುಖವಾಗಿರುವವರು ಲೋಕದಲ್ಲಿ ಅನೇಕರಿದ್ದಾರೆ. ಗೋಡೆಯ ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಬಿದ್ದರೆ ಅವರು ಎರಡು ನಿಮಿಷ ಮುಂಚೆ ಮನೆ ಬಿಡುತ್ತಾರೆಯೇ ಹೊರತು ಗಡಿಯಾರದ ಬೆನ್ನನ್ನು ಬಿಚ್ಚುವುದಿಲ್ಲ. ಇನ್ನು ಕೆಲವರಿದ್ದಾರೆ. ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಕಂಡರೂ ಅವರಿಗೆ ಸಮಾಧಾನವಿಲ್ಲ. ಇದರಲ್ಲಿ ಇನ್ನೂ ಏನೋ ಉಳಿದಿದೆ, ತಯಾರಿಸಿದವನು ಅದನ್ನು ಬಚ್ಚಿಟ್ಟುಕೊಂಡಿದ್ದಾನೆ ಎಂಬ ಸಂಶಯ ಅವರನ್ನು ಕಾಡತೊಡಗುತ್ತದೆ. ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ವಾಸವಾಗಿರುವ ರಾಯರು ಈ ಎರಡನೆಯ ವರ್ಗಕ್ಕೆ ಸೇರಿದವರು.

ಉದ್ಯೋಗದಲ್ಲಿ ರಾಯರು ಲೆಕ್ಕಪತ್ರದ ಮನುಷ್ಯ. ಹಗಲೆಲ್ಲ ಜಮಾ ಖರ್ಚುಗಳ ನಡುವೆ ಅವರಷ್ಟು ನಿಯಮಪಾಲಕರು ಇನ್ನೊಬ್ಬರಿಲ್ಲ. ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಕಂಪ್ಯೂಟರಿನ ಮುಂದೆ ಕುಳಿತರೆಂದರೆ ಮಾತ್ರ ನಿಯಮವನ್ನು ಮೀರುವುದೇ ಅವರ ವಿನೋದ. ಈ ವಿನೋದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರ್ ಒಂದು ಗಡಿಯಾರದ ಬಡಿತಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತದೆ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಬಡಿತ. ಇಷ್ಟು ಬಡಿತದವರೆಗೆ ಇದು ಹೆಜ್ಜೆ ತಪ್ಪಲಾರದು ಎಂದು ತಯಾರಕರು ಒಂದು ಮಿತಿಯನ್ನು ಹೇಳಿ ಮಾರುತ್ತಾರೆ. ಆ ಮಿತಿಗಿಂತ ಬಡಿತವನ್ನು ಚುರುಕುಗೊಳಿಸಿ, ಹೆಜ್ಜೆ ಎಲ್ಲಿ ತಪ್ಪುತ್ತದೆಂದು ನೋಡುವುದೇ ಈ ಆಟ.

ರಾಯರಿಗೆ ಈ ಗೀಳು ಅಂಟಿದ್ದು ಕಾಲೇಜಿನ ದಿನಗಳಲ್ಲಿ. 1998ರ ಆಗಸ್ಟಿನಲ್ಲಿ ಇಂಟೆಲ್ ಕಂಪೆನಿಯು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಅದೇ ತಿಂಗಳಲ್ಲಿ ಬಂದ 450 ಮೆಗಾಹರ್ಟ್ಸಿನ ಪೆಂಟಿಯಮ್ 2ಕ್ಕೆ ಹೋಲಿಸಿದರೆ ಅದರ ಬೆಲೆ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಈ ಬಡ ಸೆಲೆರಾನ್ ಮದರ್‌ಬೋರ್ಡು ಕೊಡುವ 66 ಮೆಗಾಹರ್ಟ್ಸಿನ ಬಡಿತವನ್ನು ನಾಲ್ಕೂವರೆ ಪಟ್ಟು ಹೆಚ್ಚಿಸಿಕೊಂಡು 300ರಲ್ಲಿ ಓಡುತ್ತಿತ್ತು. 66ರ ಬದಲು 100ನ್ನು ಕೊಟ್ಟರೆ? ಅದೇ ನಾಲ್ಕೂವರೆ ಪಟ್ಟಿನಲ್ಲಿ 450 ಆಯಿತು! ಪ್ರೊಸೆಸರಿನ ಅಂಚಿನ ಒಂದು ಸಂಪರ್ಕಬಿಂದುವಿನ ಮೇಲೆ ಚಿಕ್ಕದೊಂದು ಅಂಟುಪಟ್ಟಿಯನ್ನು ಅಂಟಿಸಿದರೆ ಸಾಕು, ಕೆಲವು ಮದರ್‌ಬೋರ್ಡುಗಳು ತಾವಾಗಿಯೇ 100ರ ಬಡಿತವನ್ನು ಕೊಡುತ್ತಿದ್ದವು. ಇದರಲ್ಲಿ ಮಾಯೆಯೇನೂ ಇರಲಿಲ್ಲ. ಒಂದೇ ಹಿಟ್ಟಿನಿಂದ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳನ್ನು ಎರಡು ಬೆಲೆಗೆ ಮಾರಿದಂತೆ, ಹೆಚ್ಚಿನ ವೇಗಕ್ಕೆ ಯೋಗ್ಯವಾದ ಚಿಪ್ಪುಗಳೂ ಕಡಿಮೆ ವೇಗದ ಹಣೆಪಟ್ಟಿ ಹೊತ್ತು ಅಂಗಡಿಗೆ ಬರುತ್ತಿದ್ದವು. ಪ್ರತಿಯೊಂದೂ ಹಾಗೆಯೇ ಇರುತ್ತದೆಂಬ ಭರವಸೆ ಮಾತ್ರ ಇರಲಿಲ್ಲ. ಅದು ಅದೃಷ್ಟದ ಮಾತು.

ಎಸ್. ಪಿ. ರಸ್ತೆಯ ಒಂದು ಕಿರಿದಾದ ಅಂಗಡಿಯಲ್ಲಿ ತಂದೆಯ ಹಣದಿಂದ ಕೊಂಡ ಸೆಲೆರಾನ್ ಅದೃಷ್ಟದ ಪೈಕಿಯೇ ಆಗಿತ್ತು. ಪರದೆಯ ಮೇಲೆ 450 ಎಂಬ ಅಂಕಿ ಮೂಡಿದಾಗ ಹುಡುಗ ರಾಯರು ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದರು. ತಂದೆ ಕನ್ನಡಕ ಏರಿಸಿ ನೋಡಿದರು. “ಮುನ್ನೂರಕ್ಕೆ ತಂದದ್ದು ನಾನೂರೈವತ್ತಕ್ಕೆ ಓಡುತ್ತದೆಯೋ? ದನದ ಜಾತ್ರೆಯಲ್ಲಿ ಎತ್ತು ಕೊಂಡವರೂ ಹೀಗೆಯೇ ಹೇಳುತ್ತಾರೆ. ಮಳೆಗಾಲ ಬರಲಿ, ನೋಡೋಣ” ಎಂದರು. ಮಳೆಗಾಲಗಳು ನಾಲ್ಕು ಬಂದು ಹೋದವು. ಯಂತ್ರ ಓಡುತ್ತಲೇ ಇತ್ತು. ತಂದೆ ಸೋಲನ್ನೊಪ್ಪಲಿಲ್ಲ. ಎತ್ತಿನ ಮಾತನ್ನೆತ್ತುವುದನ್ನು ಮಾತ್ರ ಬಿಟ್ಟರು.

ಇಪ್ಪತ್ತೈದು ವರ್ಷಗಳು ಕಳೆದವು. ತಂದೆ ಈಗಿಲ್ಲ. ಹೈಸ್ಕೂಲಿನಲ್ಲಿ ಓದುವ ಮಗನಿಗೆ ಆಟವಾಡಲೆಂದು ಹೊಸ ಕಂಪ್ಯೂಟರು ಬೇಕಾಯಿತು. ಬೇಡಿಕೆ ಮಗನದಾದರೂ ಉತ್ಸಾಹ ಹೆಚ್ಚಾಗಿದ್ದುದು ತಂದೆಗೆ ಎಂಬುದು ಮನೆಯಾಕೆಗೆ ತಿಳಿಯದ ವಿಷಯವಲ್ಲ. ತಂದೆ ಮಗ ಇಬ್ಬರೂ ಒಂದು ಶನಿವಾರವೆಲ್ಲ ಎಸ್. ಪಿ. ರಸ್ತೆಯಲ್ಲಿ ಅಲೆದು, ಬಿಡಿಭಾಗಗಳನ್ನು ತಂದು, ನಡುಮನೆಯಲ್ಲಿ ಹರಡಿಕೊಂಡು ಜೋಡಿಸಿದರು. ದೊಡ್ಡ ಮೇಜು ಹಿಡಿಸುವುದು ಒಂದೇ ಕೋಣೆಯಲ್ಲಿ. ಅದು ರಾಯರ ತಾಯಿಯ ಕೋಣೆ. “ಇಟ್ಟುಕೊಳ್ಳಿ, ನನಗೂ ಮಗುವಿನ ಮುಖ ಕಂಡಹಾಗಾಗುತ್ತದೆ” ಎಂದು ಅವರು ಮಂಚವನ್ನು ಗೋಡೆಯ ಕಡೆಗೆ ಸರಿಸಿಕೊಂಡರು.

ಕಾಲ ಬದಲಾಗಿತ್ತು. ಇಂದಿನ ಪ್ರೊಸೆಸರುಗಳು ಸೆಲೆರಾನಿನಷ್ಟು ಮುಗ್ಧವಲ್ಲ. ತಮ್ಮ ಮೈಯ ಉಷ್ಣತೆಯನ್ನು ತಾವೇ ಅಳೆದುಕೊಂಡು, ಸಾಧ್ಯವಿದ್ದಷ್ಟು ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. ಉಷ್ಣತೆ 95ರಿಂದ 100 ಡಿಗ್ರಿ ಮುಟ್ಟಿತೆಂದರೆ ತಾವಾಗಿ ನಿಧಾನಿಸುತ್ತವೆ. ಹವ್ಯಾಸಿಗೆ ಉಳಿದಿರುವುದು ಚೂರುಪಾರು. ಆ ಚೂರುಪಾರು ದೊರಕಬೇಕಾದರೂ ಯಂತ್ರವನ್ನು ತಂಪಾಗಿಡಬೇಕು. ಏಕೆಂದರೆ ಬಡಿತ ಏರಿದಂತೆ ಶಾಖವೂ ಏರುತ್ತದೆ. ಹೆಚ್ಚಿನ ಬಡಿತವನ್ನು ತಾಳಿಕೊಳ್ಳಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ವೋಲ್ಟೇಜಿನ ಪ್ರಭಾವ ವರ್ಗದ ಲೆಕ್ಕದಲ್ಲಿ ಬೆಳೆಯುವಂಥದು. ಬಡಿತ, ವೋಲ್ಟೇಜುಗಳೆರಡನ್ನೂ ಹತ್ತರಲ್ಲಿ ಒಂದು ಪಾಲು ಏರಿಸಿದರೆ ಶಾಖವು ಸರಿಸುಮಾರು ಮೂರರಲ್ಲಿ ಒಂದು ಪಾಲು ಹೆಚ್ಚಾಗುತ್ತದೆ. ದುಬಾರಿ ಬಡ್ಡಿಯ ಸಾಲವೆಂದರೆ ಇದೇ.

ತಂಪುಗೊಳಿಸುವ ವಿದ್ಯೆಯಲ್ಲಿ ರಾಯರು ಪೂರ್ಣವಾಗಿ ಮುಳುಗಿಹೋದರು. ಪ್ರೊಸೆಸರಿನ ನೆತ್ತಿ ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಸೂಕ್ಷ್ಮವಾದ ತಗ್ಗುದಿಣ್ಣೆಗಳಿವೆ. ಅವುಗಳಲ್ಲಿ ನಿಂತ ಗಾಳಿ ಶಾಖವನ್ನು ದಾಟಗೊಡುವುದಿಲ್ಲ. ಆದ್ದರಿಂದ ಕಡಲೆಕಾಳಿನಷ್ಟು ಥರ್ಮಲ್ ಪೇಸ್ಟನ್ನು ನಡುವೆ ಇಟ್ಟು, ಅದರ ಮೇಲೆ ತಂಪುಕಾರಕವನ್ನು ಒತ್ತಿ ಕೂರಿಸಬೇಕು. ತಂಪುಕಾರಕದ ತಾಮ್ರದ ಕೊಳವೆಗಳು ಮುಚ್ಚಿದ ಕೊಳವೆಗಳು. ಒಳಗೆ ಸ್ವಲ್ಪ ನೀರು. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ ಮೇಲೇರುತ್ತದೆ. ತಣ್ಣಗಿನ ತುದಿಯಲ್ಲಿ ಶಾಖವನ್ನು ಅಲ್ಯೂಮಿನಿಯಮ್ ರೆಕ್ಕೆಗಳಿಗೆ ಒಪ್ಪಿಸಿ ಮತ್ತೆ ನೀರಾಗುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಕೊಳವೆಯ ಒಳಮೈಯನ್ನು ಹಿಡಿದು ಹಿಂತಿರುಗುತ್ತದೆ. ಫ್ಯಾನು ರೆಕ್ಕೆಗಳ ಬಿಸಿಯನ್ನು ಊದಿಬಿಡುತ್ತದೆ. ದಿನವೆಲ್ಲ ನೀರು ಹೊತ್ತು ಬೇಸರಿಸದ ಈ ಪುಟ್ಟ ಕೆಲಸಗಾರನನ್ನು ರಾಯರು ಮಗನಿಗೆ ಎಷ್ಟು ಚೆನ್ನಾಗಿ ವರ್ಣಿಸಿದರೆಂದರೆ, ಬಾಗಿಲಲ್ಲಿ ನಿಂತಿದ್ದ ಮನೆಯಾಕೆಯೂ ಒಳಗೆ ಬಂದು ಕುಳಿತು ಕೇಳಿದರು.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಈ ವಿದ್ಯೆಗೆ ತುದಿಯಿಲ್ಲ. ದೂರದೇಶದ ಸಾಹಸಿಗಳು ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ನೈಟ್ರೋಜನ್ನನ್ನು ಪ್ರೊಸೆಸರಿನ ತಲೆಯ ಮೇಲೆ ಸುರಿಯುತ್ತಾರೆ. ಇಂಥದೇ ಅತಿಶೀತಲ ದ್ರವದ ನೆರವಿನಿಂದ 2022ರ ಡಿಸೆಂಬರಿನಲ್ಲಿ ಇಂಟೆಲ್ಲಿನ ಒಂದು ಪ್ರೊಸೆಸರನ್ನು 9 ಗಿಗಾಹರ್ಟ್ಸಿನ ಗೆರೆ ದಾಟಿಸಿದರು. ರಾಯರದು ಅಷ್ಟು ದೂರದ ಆಸೆಯಲ್ಲ. ಅವರು ನೀರಿನ ತಂಪುಕಾರಕವನ್ನು ತಂದರು; ಮೂರು ಫ್ಯಾನುಗಳನ್ನು ಹೆಚ್ಚಿಗೆ ಹಾಕಿದರು; ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆರೆದು ಅಂಕಣಗಳನ್ನು ಎಳೆದರು. ಬಡಿತ, ವೋಲ್ಟೇಜು, ಪ್ರೊಸೆಸರಿನ ಉಷ್ಣತೆ, ಫ್ಯಾನಿನ ಸುತ್ತು, ಕೊನೆಯಲ್ಲಿ ‘ಕೋಣೆ’. ಕೋಣೆಯ ಗಾಳಿ ಎಷ್ಟು ಬಿಸಿಯೋ ಅಷ್ಟರಮಟ್ಟಿಗೆ ಯಂತ್ರವೂ ಬಿಸಿಯಾಗುವುದರಿಂದ, ಅದನ್ನು ಬರೆದಿಡದೆ ಹೋದರೆ ಲೆಕ್ಕ ಕೂಡುವುದಿಲ್ಲ.

2024ರ ಏಪ್ರಿಲ್ ಬಂದಿತು. ಬೆಂಗಳೂರಿನ ತಂಪನ್ನು ಹಾಡಿ ಹೊಗಳಿದವರೆಲ್ಲ ಆ ತಿಂಗಳು ಮೌನವಾಗಿದ್ದರು. ನಗರದ ಉಷ್ಣತೆ 38 ಡಿಗ್ರಿಯನ್ನು ದಾಟಿತ್ತು. ಮಗನಿಗೆ ಬೇಸಿಗೆ ರಜೆ. ಊಟವಾದೊಡನೆ ಆಟ ಆರಂಭ. ಪ್ರೊಸೆಸರಿಗಿಂತಲೂ ಹೆಚ್ಚು ವಿದ್ಯುತ್ತನ್ನು ನುಂಗುವುದು ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡು. ಎರಡೂ ಸೇರಿದರೆ ನಾನೂರು ಐನೂರು ವ್ಯಾಟುಗಳ ಶಾಖ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೊರಡುವ ಶಾಖ ಸುಮಾರು 100 ವ್ಯಾಟು. ಎಂದಮೇಲೆ ಆ ಸಣ್ಣ ಕೋಣೆಯಲ್ಲಿ ನಾಲ್ಕೈದು ಮಂದಿ ನೆಂಟರು ಬಂದು ಕುಳಿತು, ಕಾಫಿ ಕೊಟ್ಟರೂ ಏಳದೆ, ರಾತ್ರಿಯವರೆಗೆ ಕೂತಂತಾಯಿತು. ಹುಡುಗ ಮಲಗಿದ ಮೇಲೆ ರಾಯರ ಸರದಿ. ಏರಿಸಿದ ಬಡಿತವನ್ನು ಯಂತ್ರವು ತಾಳುವುದೇ ಇಲ್ಲವೇ ಎಂದು ತಿಳಿಯಲು ಅದಕ್ಕೆ ರಾತ್ರಿಯೆಲ್ಲ ಕಠಿನವಾದ ಲೆಕ್ಕಗಳನ್ನು ಕೊಟ್ಟು ದುಡಿಸಬೇಕು. ಮಂಚದ ಕಡೆಗೆ ಬೆನ್ನು ಮಾಡಿ ಕುಳಿತು ಅವರು ಪ್ರತಿ ರಾತ್ರಿ ಬರೆದುಕೊಂಡರು: ‘ಕೋಣೆ 33’, ‘ಕೋಣೆ 34’, ‘ಕೋಣೆ 35’.

ತಿಂಗಳ ಕೊನೆಯ ಒಂದು ರಾತ್ರಿ, ಪರೀಕ್ಷೆ ಎಲ್ಲಿಗೆ ಬಂದಿತೆಂದು ನೋಡಲು ರಾಯರು ಮೂರು ಗಂಟೆಗೆ ಎದ್ದರು. ನಡುಮನೆಯ ಕತ್ತಲೆಯಲ್ಲಿ ಕಾಲಿಗೆ ಚಾಪೆ ತಗುಲಿತು. ದೀಪ ಹಾಕಿದರು. ಕಿಟಕಿಯ ಕೆಳಗೆ, ಬರಿಯ ಚಾಪೆಯ ಮೇಲೆ, ಒದ್ದೆ ಟವೆಲನ್ನು ಎದೆಯ ಮೇಲೆ ಹರಡಿಕೊಂಡು ತಾಯಿ ಮಲಗಿದ್ದರು. ನಿದ್ರೆ ಇರಲಿಲ್ಲ.

“ಇದೇನಮ್ಮ, ಇಲ್ಲಿ?”

“ಒಳಗೆ ಸೆಕೆ ಕಣಪ್ಪ.”

“ಎಷ್ಟು ದಿನದಿಂದ?”

“ಯುಗಾದಿ ಕಳೆದಾಗಿನಿಂದ ಇರಬೇಕು.”

ಎಲ್ಲರೂ ಮಲಗಿದ ಮೇಲೆ ಚಾಪೆ ಹಾಸಿಕೊಂಡು, ಹಾಲಿನವನು ಬರುವ ಮುನ್ನ ಸುತ್ತಿಡುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ರಾಯರು ಪಕ್ಕದಲ್ಲಿ ಕುಳಿತುಕೊಂಡರು. “ನನಗೆ ಹೇಳಬಾರದಾಗಿತ್ತೇನಮ್ಮ?” ಎಂದರು.

ತಾಯಿಯ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. “ನೀನೇ ದಿನಾ ರಾತ್ರಿ ಒಳಗೆ ಸೆಕೆ ಎಷ್ಟಿದೆ ಅಂತ ಬರೆದುಕೊಂಡು ಹೋಗುತ್ತಿದ್ದೆಯಲ್ಲ? ನಿನಗೆ ಗೊತ್ತೇ ಇದೆ ಅಂದುಕೊಂಡಿದ್ದೆ.”

ರಾಯರು ಒಳಗೆ ಹೋಗಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಫ್ಯಾನುಗಳ ಸದ್ದು ಅಡಗಿತು. ಲೆಕ್ಕದ ಪುಸ್ತಕವನ್ನು ಮೊದಲಿನಿಂದ ತಿರುವಿ ನೋಡಿದರು. ಒಂದು ತಪ್ಪೂ ಇರಲಿಲ್ಲ, ಅಂಕಿಗಳೆಲ್ಲ ಸರಿಯಾಗಿದ್ದವು. ಜಮಾ ಇದ್ದಲ್ಲಿ ಖರ್ಚು ಇರಲೇಬೇಕೆಂದು ಕಛೇರಿಯಲ್ಲಿ ಕಿರಿಯರಿಗೆ ಬುದ್ಧಿ ಹೇಳುವ ಮನುಷ್ಯ ಅವರು. ಶಾಖವನ್ನು ಯಾವ ತಂಪುಕಾರಕವೂ ನಾಶಮಾಡುವುದಿಲ್ಲ. ತಾಮ್ರದಿಂದ ನೀರಿಗೆ, ನೀರಿನಿಂದ ರೆಕ್ಕೆಗೆ, ರೆಕ್ಕೆಯಿಂದ ಗಾಳಿಗೆ ಸಾಗಿಸುತ್ತದೆ, ಅಷ್ಟೆ. ಪ್ರೊಸೆಸರಿನ ಖಾತೆಯಿಂದ ಕಳೆದದ್ದು ಇನ್ನೊಬ್ಬರ ಖಾತೆಗೆ ಸೇರಲೇಬೇಕು. ಆ ಖಾತೆ ಯಾರದೆಂದು ಅವರು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅಂಕಣದ ಹೆಸರು ‘ಕೋಣೆ’ ಎಂದಿತ್ತು, ‘ಅಮ್ಮ’ ಎಂದಿರಲಿಲ್ಲ.

ಮರುದಿನ ಬೆಳಗ್ಗೆ ವಿಷಯ ತಿಳಿದ ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು, “ಅಪ್ಪಾ, ನಮ್ಮ ಪರದೆ ಸೆಕೆಂಡಿಗೆ ತೋರಿಸುವುದೇ ಅರವತ್ತು ಚಿತ್ರ. ಯಂತ್ರ ನೂರಹತ್ತು ಬರೆಯುತ್ತಿದೆ. ಉಳಿದ ಐವತ್ತು ಯಾರಿಗೆ?” ಎಂದು ಕೇಳಿದ. ರಾಯರ ಬಳಿ ಉತ್ತರವಿರಲಿಲ್ಲ. ಹುಡುಗ ಅರವತ್ತಕ್ಕೆ ಮಿತಿ ಹಾಕಿದ. ಗ್ರಾಫಿಕ್ಸ್ ಕಾರ್ಡು ಅಂದೇ ತಣ್ಣಗಾಗತೊಡಗಿತು. ಆಟದಲ್ಲಿ ಕೊರತೆಯೇನೂ ಕಾಣಲಿಲ್ಲ.

ಉಳಿದ ಕೆಲಸ ರಾಯರದಾಯಿತು. ಏರಿದ ಮೆಟ್ಟಿಲುಗಳನ್ನೇ ಅವರು ಇಳಿಯತೊಡಗಿದರು. ದುಬಾರಿ ಬಡ್ಡಿಯ ಲೆಕ್ಕ ಇಳಿಯುವವನಿಗೆ ಲಾಭದ ಲೆಕ್ಕವಾಗುತ್ತದೆ: ಬಡಿತ, ವೋಲ್ಟೇಜುಗಳೆರಡನ್ನೂ ಹತ್ತರಲ್ಲಿ ಒಂದು ಪಾಲು ತಗ್ಗಿಸಿದರೆ ಶಾಖವು ನಾಲ್ಕರಲ್ಲಿ ಒಂದು ಪಾಲಿಗೂ ಹೆಚ್ಚು ಇಳಿಯುತ್ತದೆ. ಇದೂ ಸುಲಭದ ಕೆಲಸವಲ್ಲ. ವೋಲ್ಟೇಜನ್ನು ತೀರ ಇಳಿಸಿದರೆ ಯಂತ್ರ ತಟಸ್ಥವಾಗಿ ನಿಂತುಬಿಡುತ್ತದೆ. ನಿಲ್ಲದಿದ್ದರೂ ಲೆಕ್ಕದಲ್ಲಿ ಸದ್ದಿಲ್ಲದೆ ತಪ್ಪು ನುಸುಳಬಹುದು. ಪ್ರತಿ ಮೆಟ್ಟಿಲಿನಲ್ಲೂ ಪರೀಕ್ಷೆ ನಡೆಸಬೇಕು. ಮೊದಲು ಎಷ್ಟು ಹೆಚ್ಚು ದೊರಕೀತೆಂದು ಹುಡುಕುತ್ತಿದ್ದವರು ಈಗ ಎಷ್ಟು ಕಡಿಮೆಯಲ್ಲಿ ನಡೆದೀತೆಂದು ಹುಡುಕಿದರು. ಆಶ್ಚರ್ಯವೆಂದರೆ, ಹುಡುಕಾಟದ ಸುಖದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪರೀಕ್ಷೆಗಳು ಹಗಲಿಗೆ ಬದಲಾದವು. ಯಂತ್ರದ ಬೆನ್ನು ಕಿಟಕಿಯ ಕಡೆಗೆ ತಿರುಗಿತು. ಚಾಪೆ ಅಟ್ಟ ಸೇರಿತು. ಲೆಕ್ಕದ ಪುಸ್ತಕದಲ್ಲಿ ‘ಕೋಣೆ’ ಎಂಬ ಅಂಕಣ ಕೊನೆಯಿಂದ ಮೊದಲಿಗೆ ಬಂದಿತು.

ಅದೇ ವರ್ಷದ ಡಿಸೆಂಬರಿನ ಒಂದು ರಾತ್ರಿ. ಹೊರಗೆ ಚಳಿಗಾಳಿ. ರಾಯರು ಕಂಪ್ಯೂಟರನ್ನು ಆರಿಸಿ ಏಳುವ ಹೊತ್ತಿಗೆ, ಕಂಬಳಿಯೊಳಗಿಂದ ತಾಯಿಯ ಧ್ವನಿ ಕೇಳಿಸಿತು. “ಮಗೂ, ಆ ನಿನ್ನ ಡಬ್ಬಿಯನ್ನು ಇನ್ನೊಂದಿಷ್ಟು ಹೊತ್ತು ಓಡಿಸಬಾರದೇ? ಮೊದಲು ಓಡಿಸುತ್ತಿದ್ದೆಯಲ್ಲ, ಹಾಗೆ ಜೋರಾಗಿ. ಪಾದ ಕೊರೆಯುತ್ತಿದೆ.”

ರಾಯರು ನಕ್ಕು ಮತ್ತೆ ಕುಳಿತರು. ಹಳೆಯ ಪುಟಗಳನ್ನು ತಿರುವಿ, ಏಪ್ರಿಲಿನ ಅಂಕಿಗಳನ್ನು ಒಂದೊಂದಾಗಿ ಹಾಕಿದರು. ಫ್ಯಾನುಗಳು ಎದ್ದು ಗುಂಯ್‌ಗುಟ್ಟಿದವು. ಅರ್ಧ ಗಂಟೆಯ ಮೇಲೆ ಪುಸ್ತಕದಲ್ಲಿ ಬರೆದರು: ‘ಕೋಣೆ 24. ಅಮ್ಮನಿಗೆ ನಿದ್ರೆ ಬಂದಿದೆ.’ ಆಮೇಲೆ ಯಂತ್ರವನ್ನು ಆರಿಸಿ ಮಲಗಲು ಹೋದರು.