ಅವ್ವನ ಹರಕೆ: ಆದವಾನಿಯಿಂದ ಮಂತ್ರಾಲಯಕ್ಕೆ

ಆದವಾನಿಯವರಾದ ನಮಗೆ ಮಂತ್ರಾಲಯವೇನೂ ದೂರದ ಕ್ಷೇತ್ರವಲ್ಲ. ಬೆಳಗಿನ ರೈಲು ಹತ್ತಿ ಕುಳಿತರೆ, ಎರೆಹೊಲಗಳಲ್ಲಿ ಬೆಳ್ಳಗೆ ಒಡೆದ ಹತ್ತಿಯನ್ನು ನೋಡುನೋಡುತ್ತಿರುವಂತೆಯೇ ಕೋಸಿಗಿಯ ಬಂಡೆಗುಡ್ಡಗಳು ಎದುರಾಗುತ್ತವೆ. ಅಲ್ಲಿಂದ ಮುಂದೆ, ಹಿಂದೆ ‘ತುಂಗಭದ್ರಾ’ ಎಂದು ಕರೆಯಿಸಿಕೊಳ್ಳುತ್ತಿದ್ದು ಈಗ ‘ಮಂತ್ರಾಲಯಂ ರೋಡ್’ ಎಂದು ಹೆಸರಾಗಿರುವ ನಿಲ್ದಾಣದಲ್ಲಿ ಇಳಿದು ಬಸ್ಸನ್ನೋ ಆಟೋವನ್ನೋ ಹಿಡಿದರಾಯಿತು. ಬೀಗರು ಬಂದಾಗ, ಮಕ್ಕಳ ಪರೀಕ್ಷೆ ಮುಗಿದಾಗ ಹೋಗಿಬರುವುದು ನಮ್ಮ ಮನೆಯಲ್ಲಿ ನಡೆದುಬಂದ ರೂಢಿ. ನಮ್ಮದು ಶಿವನ ಮನೆತನವಾದರೂ ಈ ಸೀಮೆಯಲ್ಲಿ ರಾಯರನ್ನು ನೆನೆಯದ ಮನೆಯಿಲ್ಲ.

ಆದರೆ 2023ರ ಕಾರ್ತಿಕದಲ್ಲಿ ನಾವು ಕೈಗೊಂಡ ಪಯಣ ಅಂಥ ರೂಢಿಯದಾಗಿರಲಿಲ್ಲ. ಅವ್ವ ಹೊತ್ತ ಹರಕೆಯೊಂದನ್ನು ತೀರಿಸುವುದಿತ್ತು. ಅವ್ವ, ನಾವು ಗಂಡಹೆಂಡಿರು, ತಮ್ಮ, ತಮ್ಮನ ಹೆಂಡತಿ, ಅವರ ನಾಲ್ಕು ವರ್ಷದ ಮಗಳು, ಹೀಗೆ ಆರು ಜನ. ರೈಲಿನಲ್ಲಿ ಕಿಟಕಿಯ ಬದಿಯನ್ನು ತಮ್ಮನಿಗೆ ಬಿಟ್ಟುಕೊಟ್ಟೆವು. ನಿಲ್ದಾಣದ ಹಲಗೆಗಳ ಮೇಲಿನ ಹೆಸರುಗಳನ್ನು ಅವನು ಬೆರಳಿಟ್ಟು ಓದುವವನಂತೆ ತುಟಿಯಾಡಿಸಿ ಓದುತ್ತಿದ್ದ. ಮಗಳು ಅವನ ತೊಡೆಯ ಮೇಲೆ ಕುಳಿತು ತಾನೂ ಓದುವಂತೆ ನಟಿಸುತ್ತಿದ್ದಳು.

ತಮ್ಮ ಹತ್ತಿಯ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಓದಿದ್ದು ತೆಲುಗಿನಲ್ಲಿ, ಲೆಕ್ಕ ಬರೆಯುವುದೂ ತೆಲುಗಿನಲ್ಲಿ. ಹೆಂಡತಿ ನಂದ್ಯಾಲದ ಕಡೆಯವಳು, ಆಕೆಯೊಡನೆ ಮಾತೂ ತೆಲುಗಿನಲ್ಲೇ. ಮನೆಯೊಳಗೆ ಅವ್ವನೊಡನೆ ಮಾತ್ರ ಕನ್ನಡ. ನಮ್ಮ ಆದವಾನಿ, ಆಲೂರಿನ ಎಷ್ಟೋ ಮನೆಗಳು ಹೀಗೆಯೇ ಇವೆಯೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರ ದೀಪಾವಳಿಗೆ ನಾಲ್ಕು ದಿನಗಳಿರುವಾಗ, ಮಾರುಕಟ್ಟೆಗೆ ಹತ್ತಿ ಬಂದು ಬೀಳುವ ಭರಾಟೆಯ ಕಾಲದಲ್ಲಿ, ಆಲೂರಿನ ದಾರಿಯಲ್ಲಿ ಮುಸ್ಸಂಜೆಯ ಹೊತ್ತು ಅವನು ಮೋಟಾರುಸೈಕಲ್ಲಿನಿಂದ ಬಿದ್ದ. ಹೆಲ್ಮೆಟ್ಟು ಮನೆಯ ಗೂಟಕ್ಕೆ ತೂಗುಬಿದ್ದಿತ್ತು.

ಆ ರಾತ್ರಿ ಊರಿನ ವೈದ್ಯರು, ತಡಮಾಡದೆ ಬಳ್ಳಾರಿಗೆ ಒಯ್ಯಿರಿ ಎಂದರು. 1953ರವರೆಗೆ ಬಳ್ಳಾರಿಯೇ ನಮ್ಮ ಜಿಲ್ಲಾ ಕೇಂದ್ರ. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಸೇರಿ, ಬಳ್ಳಾರಿ ಮೈಸೂರಿನ ಪಾಲಾಯಿತು. ಗೆರೆ ಎಳೆದು ಎಪ್ಪತ್ತು ವರ್ಷಗಳಾಗುತ್ತ ಬಂದರೂ ಜೀವಕ್ಕೆ ಬಂದಾಗ ನಮ್ಮವರ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಮೆದುಳಿನ ಮೇಲೆ ಹೆಪ್ಪುಗಟ್ಟಿದ್ದ ರಕ್ತವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಹನ್ನೊಂದು ದಿನ ಎಚ್ಚರವಿರಲಿಲ್ಲ. ಕಣ್ಣು ತೆರೆಯುವುದು, ಮಾತಾಡುವುದು, ಕೈಕಾಲು ಆಡಿಸುವುದು ಎಂಬ ಮೂರನ್ನು ನೋಡಿ ಅಂಕ ಕೊಡುವ ಕ್ರಮವೊಂದುಂಟು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರಿಬ್ಬರು 1974ರಲ್ಲಿ ರೂಪಿಸಿದ್ದು. ಪೂರ್ಣ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. ನಮ್ಮವನಿಗೆ ಮೊದಲ ದಿನ 6. ಪರೀಕ್ಷೆಯ ಫಲಿತಾಂಶವನ್ನು ಕಾಯುವ ಪೋಷಕರಂತೆ ಪ್ರತಿದಿನವೂ ಆ ಅಂಕವನ್ನು ಕೇಳುವುದೇ ನಮ್ಮ ಕೆಲಸವಾಯಿತು. ಅವ್ವ ಮಾತ್ರ ಕೇಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು, ನಾಲ್ಕನೆಯ ದಿನ, ಸೆರಗಿನ ತುದಿಗೆ ಒಂದು ನಾಣ್ಯ ಕಟ್ಟಿ ನಮ್ಮೆಲ್ಲರಿಗೂ ಕೇಳುವಂತೆ ಹೇಳಿದಳು: “ನನ್ನ ಮಗ ತನ್ನ ಕಾಲಿಂದ ನಡಕೊಂತ ಬಂದು ರಾಯರಿಗೆ ಹನ್ನೊಂದು ಪ್ರದಕ್ಷಿಣಿ ಹಾಕ್ತಾನ.”

ಹರಕೆಯನ್ನು ತನ್ನ ಮೇಲೆ ಹೊತ್ತುಕೊಳ್ಳುವುದು ಸುಲಭ. ತಾನು ಉರುಳುತ್ತೇನೆ, ತಾನು ಉಪವಾಸವಿರುತ್ತೇನೆ ಎಂದರೆ ತೀರಿಸುವುದು ತನ್ನ ಕೈಯಲ್ಲೇ ಇರುತ್ತದೆ. ಅವ್ವ ಹೊತ್ತದ್ದು, ಎಚ್ಚರವಿಲ್ಲದವನ ಎರಡು ಕಾಲುಗಳ ಮೇಲೆ. ಅಂದು ನಮಗೆ ಅದು ಅವಿವೇಕವೆಂದೇ ತೋರಿತು.

ಹನ್ನೆರಡನೆಯ ದಿನ ತಮ್ಮ ಕಣ್ಣು ತೆರೆದು, ಗಂಟಲಿನ ನಳಿಗೆಯನ್ನು ತೆಗೆದ ಮೇಲೆ ಆಡಿದ ಮೊದಲ ಮಾತು, “ಅವ್ವಾ, ನೀರು.” ನಮ್ಮ ಸಂತೋಷಕ್ಕೆ ಎಣೆಯಿರಲಿಲ್ಲ. ಅದಾದ ಎರಡು ದಿನಕ್ಕೆ, ತಲೆಯ ಬಳಿ ನಿಂತಿದ್ದ ಹೆಂಡತಿಯನ್ನು ತೋರಿಸಿ ಅವ್ವನನ್ನು ಕೇಳಿದ: “ಈಕಿ ಯಾರು? ಆಸ್ಪತ್ರಿಯಾಕೀನಾ?” ಆಕೆ ತೆಲುಗಿನಲ್ಲಿ ಏನೋ ಹೇಳಿದಳು. ಅವನು ಅರ್ಥವಾಗದವನಂತೆ ಅವ್ವನ ಮುಖ ನೋಡಿದ.

ಮೆದುಳಿಗೆ ಪೆಟ್ಟಾದವರು ಎಚ್ಚರಗೊಂಡ ಮೇಲೂ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ, ಗೊಂದಲದಲ್ಲಿರುತ್ತಾರೆ, ಹತ್ತಿರದ ನೆನಪು ಮೊದಲು ಮಾಸುತ್ತದೆ, ಹಳೆಯದು ಉಳಿಯುತ್ತದೆ ಎಂದು ವೈದ್ಯರು ತಿಳಿಸಿದರು. ಭಾಷೆಯ ವಿಷಯವನ್ನು ನಾವು ಆಮೇಲೆ ಓದಿ ತಿಳಿದೆವು. ಮರವೆಯಲ್ಲಿ ಮೊದಲು ಕಲಿತದ್ದೇ ಕೊನೆಯವರೆಗೂ ನಿಲ್ಲುತ್ತದೆಂದು ಫ್ರಾನ್ಸಿನ ರಿಬೊ ಎಂಬ ವಿದ್ವಾಂಸರು 1881ರಲ್ಲಿಯೇ ಬರೆದಿದ್ದರು. ಪಿತ್ರ್ ಎಂಬ ವೈದ್ಯರು 1895ರಲ್ಲಿ, ಅದು ಹಾಗಲ್ಲ, ಹೆಚ್ಚು ಬಳಕೆಯಲ್ಲಿದ್ದ ಭಾಷೆಯೇ ಮೊದಲು ಮರಳುತ್ತದೆ ಎಂದರು. ಈಚಿನವರು ನೋಡಿರುವಂತೆ ಬಹುಜನರಲ್ಲಿ ಎರಡು ಭಾಷೆಗಳೂ ಜೊತೆಜೊತೆಯಾಗಿಯೇ ಬರುತ್ತವೆ. ನಮ್ಮ ತಮ್ಮ ಆ ಬಹುಜನರಲ್ಲಿ ಸೇರಲಿಲ್ಲ. ದಿನವಿಡೀ ತೆಲುಗಿನಲ್ಲಿ ಲೆಕ್ಕ ಬರೆಯುತ್ತಿದ್ದವನು, ಅಡಿಗೆಮನೆಯ ಕನ್ನಡವೊಂದನ್ನೇ ಹಿಡಿದುಕೊಂಡು ಹಿಂದಿರುಗಿದ್ದ. ಗಡಿನಾಡಿನ ಕನ್ನಡಿಗರಾದ ನಮಗೆ ಅದನ್ನು ಕಂಡು ಒಳಗೊಳಗೆ ಒಂದು ಬಗೆಯ ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇವೆ. ಆ ಹುಡುಗಿಯ ಮುಖವನ್ನು ನೋಡಿದ ಕ್ಷಣವೇ ಆ ಹೆಮ್ಮೆಗೆ ನಾಚಿಕೆಯಾಯಿತು.

ಮನೆಗೆ ಬಂದ ಮೇಲಿನ ತಿಂಗಳುಗಳು ಒಂದೇ ಬಗೆಯವು. ಗೋಡೆ ಹಿಡಿದು ನಡೆಸುವುದು, ಚಮಚ ಹಿಡಿಯಲು ಕಲಿಸುವುದು, ಕಾರಣವಿಲ್ಲದೆ ಬರುವ ಸಿಟ್ಟನ್ನು ಸಹಿಸುವುದು. ಮೊದಲ ಆರು ತಿಂಗಳಲ್ಲಿ ಸುಧಾರಣೆ ಬೇಗ, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ ಎಂದಿದ್ದರು ವೈದ್ಯರು. ತಮ್ಮನ ಹೆಂಡತಿ ಶನಿವಾರಗಳಲ್ಲಿ ರಣಮಂಡಲದ ಗುಡ್ಡ ಹತ್ತಿ ಆಂಜನೇಯನಿಗೆ ಎಣ್ಣೆ ಬತ್ತಿ ಮುಟ್ಟಿಸಿ ಬರುತ್ತಿದ್ದಳು. ಉಳಿದ ದಿನಗಳಲ್ಲಿ ಅವ್ವನ ಬಳಿ ಕುಳಿತು ಕನ್ನಡ ಕಲಿಯತೊಡಗಿದಳು. ಐದು ವರ್ಷಗಳಿಂದ ಅತ್ತೆ ಸೊಸೆಯರ ನಡುವೆ ಇದ್ದದ್ದು ಅರೆಬರೆ ಮಾತು, ಅದೂ ಉಪ್ಪು ಹುಳಿಗಳಷ್ಟರದು. ಈಗ ಹೆಂಡತಿಯು ಗಂಡನೊಡನೆ ಮಾತಾಡಬೇಕಾದರೆ ಅತ್ತೆಯಿಂದ ಮಾತು ಕಡ ತರಬೇಕಾಗಿತ್ತು. ಅವ್ವ ಧಾರಾಳವಾಗಿಯೇ ಕೊಟ್ಟಳು.

ನಮ್ಮಿಂದಾದ ತಪ್ಪೊಂದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಫಿಟ್ಸ್ ಬಾರದಂತೆ ಕೊಟ್ಟಿದ್ದ ಗುಳಿಗೆಗಳು ತಮ್ಮನನ್ನು ಮಂಕುಮಾಡುತ್ತಿವೆಯೆಂದು ನಮಗೆ ತೋರಿತ್ತು. ಆ ಹೊತ್ತಿಗೆ ಬಂದ ಪರಿಚಯದವರೊಬ್ಬರು, ತಾಯಿತ ಕಟ್ಟಿಸಿ ಗುಳಿಗೆ ಬಿಡಿಸಿರಿ ಎಂದರು. ಓದಿಕೊಂಡವರಾದ ನಾವೇ ಎರಡು ದಿನ ಬಿಡಿಸಿದೆವು. ಮೂರನೆಯ ದಿನ ನಸುಕಿನಲ್ಲಿ ಫಿಟ್ಸ್ ಬಂತು. ಮತ್ತೆ ಬಳ್ಳಾರಿ. ಗುಳಿಗೆ ನಿಲ್ಲಿಸುವುದಾದರೂ ಕಡಿಮೆ ಮಾಡುವುದಾದರೂ ವೈದ್ಯರೇ ಹಂತಹಂತವಾಗಿ ಮಾಡಬೇಕಾದ ಕೆಲಸ ಎಂಬುದನ್ನು ಹೀಗೆ ಕಲಿತೆವು. ಅಕ್ಷರ ತಿಳಿಯದ ಅವ್ವ ಆ ತಾಯಿತವನ್ನು ಬಿಚ್ಚಲೂ ಇಲ್ಲ, ನಮ್ಮನ್ನು ಬಯ್ಯಲೂ ಇಲ್ಲ. ಅಂದಿನಿಂದ ಮಾತ್ರ ಅವಳದು ಒಂದೇ ಮಾತು: “ಮೊದಲು ಗುಳಿಗಿ, ಆಮ್ಯಾಲೆ ಮಂತ್ರಾಕ್ಷತಿ.”

ನಮ್ಮ ಸೀಮೆಯಲ್ಲಿ ತಲೆಗೆ ಪೆಟ್ಟು ಎಂದೊಡನೆ ಹೊಳಗುಂದದ ಬಳಿಯ ದೇವರಗಟ್ಟು ನೆನಪಾಗುತ್ತದೆ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಹಳ್ಳಿಹಳ್ಳಿಗಳವರು ಪಂಜು ಹಿಡಿದು ಬಡಿಗೆಗಳಿಂದ ಬಡಿದಾಡುತ್ತಾರೆ. ಒಡೆದ ತಲೆಗಳಿಗೆ ಭಂಡಾರ ಬಳಿದುಕೊಂಡು ಮನೆಗೆ ಹೋಗುತ್ತಾರೆ. ಅಧಿಕಾರಿಗಳು ಈಗ ಅಲ್ಲಿ ವೈದ್ಯರ ಶಿಬಿರಗಳನ್ನು ಹಾಕಿಸುತ್ತಾರೆ. ಚಿಕ್ಕಂದಿನಲ್ಲಿ ನಾವೂ ಅದನ್ನು ವೀರರ ಆಟವೆಂದು ಕೇಳಿ ಬೆಳೆದವರು. ಆಸ್ಪತ್ರೆಯ ಆ ಬೆಂಚಿನ ಮೇಲೆ ಹನ್ನೊಂದು ದಿನ ಕುಳಿತವರಿಗೆ ಇನ್ನು ಹಾಗೆ ಕಾಣಲಾರದು.

ಹೀಗೆ ಒಂದು ವರ್ಷ ಕಳೆದ ಮೇಲೆ, ತಮ್ಮ ಒಬ್ಬನೇ ಓಣಿಯ ತುದಿಯವರೆಗೆ ಹೋಗಿಬರುವಂತಾದಾಗ, ಅವ್ವ ಸೆರಗಿನ ನಾಣ್ಯವನ್ನು ನೆನಪಿಸಿದಳು.

ಮಂತ್ರಾಲಯದ ಹಳೆಯ ಹೆಸರು ಮಂಚಾಲೆ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಇದು ಆದವಾನಿಯ ಆಡಳಿತಕ್ಕೆ ಸೇರಿತ್ತು. ಆದವಾನಿಯಲ್ಲಿ ಇಂದಿಗೂ ನಿಂತಿರುವ ಜಾಮಿಯಾ ಮಸೀದಿಯನ್ನು ಕಟ್ಟಿಸಿದ ಸಿದ್ದಿ ಮಸೂದ್ ಖಾನನೇ ಈ ಗ್ರಾಮವನ್ನು ರಾಘವೇಂದ್ರ ತೀರ್ಥರಿಗೆ ದಾನವಾಗಿ ಕೊಟ್ಟನೆಂದು ಸಂಪ್ರದಾಯವು ಹೇಳುತ್ತದೆ. ಗುರುಗಳು 1671ರ ಶ್ರಾವಣ ಬಹುಳ ಬಿದಿಗೆಯಂದು ಇಲ್ಲಿ ಬೃಂದಾವನಸ್ಥರಾದರು. ಬೃಂದಾವನವನ್ನು ಕಟ್ಟಿಸಿದವನು ಆದವಾನಿಯ ದಿವಾನ ವೆಂಕಣ್ಣ. ಅವನು ಮೊದಲು ಓದು ಬಾರದ ದನಗಾಹಿ ಹುಡುಗನಾಗಿದ್ದು, ನವಾಬನು ಓದೆಂದು ಗದರಿಸಿ ಕೊಟ್ಟ ಪತ್ರವನ್ನು ಗುರುಗಳನ್ನು ನೆನೆದೊಡನೆ ಸರಾಗವಾಗಿ ಓದಿದನೆಂಬ ಕಥೆಯನ್ನು ನಾವೆಲ್ಲ ಅಜ್ಜಿಯರಿಂದ ಕೇಳಿದವರೇ. ರೈಲಿನಲ್ಲಿ ತುಟಿಯಾಡಿಸುತ್ತಿದ್ದ ತಮ್ಮನನ್ನು ಕಂಡಾಗ ನಮಗೆ ಆ ಕಥೆ ನೆನಪಾಗಿತ್ತು, ಬಾಯಿಬಿಟ್ಟು ಹೇಳಲಿಲ್ಲ.

ಈ ನೆಲದ ಇನ್ನೊಂದು ಕಥೆಯೂ ರೋಗಿಯೊಬ್ಬನದೇ. ಮಾನವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ವಿಜಯದಾಸರನ್ನು ಕಡೆಗಣಿಸಿದರು, ಹೊಟ್ಟೆನೋವಿಗೆ ತುತ್ತಾದರು. ಮಂತ್ರಾಲಯದಲ್ಲಿ ಸೇವೆ ಮಾಡಿದಾಗ, ವಿಜಯದಾಸರಲ್ಲಿಗೇ ಹೋಗೆಂದು ಸ್ವಪ್ನವಾಯಿತು. ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು, ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರು. ರೋಗ ಕಳೆದ ಆ ಪಂಡಿತರೇ ಜಗನ್ನಾಥದಾಸರಾಗಿ ಕನ್ನಡದಲ್ಲಿ ‘ಹರಿಕಥಾಮೃತಸಾರ’ವನ್ನು ಬರೆದರು. ವಿಜಯದಾಸರು 1755ರಲ್ಲಿ ದೇಹವಿಟ್ಟ ಚಿಪ್ಪಗಿರಿಯು ನಮ್ಮ ಆಲೂರಿನ ಸೀಮೆಯಲ್ಲಿಯೇ ಇದೆ. ಆಯುಸ್ಸನ್ನು ಕೊಡುವುದು ಸಾಧ್ಯವೇ ಎಂದು ನಾವು ವಾದಿಸಲಾರೆವು. ಸೊಸೆಯು ವರ್ಷವಿಡೀ ನಿದ್ದೆಗೆಟ್ಟದ್ದನ್ನು ಕಣ್ಣಾರೆ ಕಂಡವರು ನಾವು.

ಮೊದಲು ನದಿಗೆ ಹೋದೆವು. 2009ರ ಅಕ್ಟೋಬರಿನಲ್ಲಿ ಊರನ್ನೇ ಮುಳುಗಿಸಿದ ತುಂಗಭದ್ರೆ ಇದೇ ಎಂದರೆ ನಂಬುವಂತಿರಲಿಲ್ಲ. ಮಳೆ ಕೈಕೊಟ್ಟ ವರ್ಷವಾದ್ದರಿಂದ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಆಚೆಯ ದಡ ಕರ್ನಾಟಕ, ಪಂಚಮುಖಿಯ ದಾರಿ. ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿತ್ತು. ಅವ್ವನ ಕೈ ಹಿಡಿದು ಸೊಸೆ ಇಳಿಯುತ್ತಿದ್ದಳು. ಹಿಂದಿನಿಂದ ತಮ್ಮ ಇದ್ದಕ್ಕಿದ್ದಂತೆ ಕೂಗಿದ: “ಜಾಗ್ರತ್ತ, ಜಾರುತುಂದಿ!”

ಆ ವೇಳೆಗೆ ತೆಲುಗು ಅವನಿಗೆ ಅರ್ಥವಾಗುತ್ತಿತ್ತು, ಕೇಳಿದರೆ ತಡವರಿಸಿ ಒಂದೆರಡು ಮಾತನ್ನೂ ಆಡುತ್ತಿದ್ದ. ಆದರೆ ಯಾರೂ ಕೇಳದೆ, ತಾನಾಗಿಯೇ, ಆಕೆಯನ್ನು ಉದ್ದೇಶಿಸಿ ಆ ಭಾಷೆಯಲ್ಲಿ ಆಡಿದ್ದು ಅದೇ ಮೊದಲು. ಆಕೆ ತಿರುಗಿ ನೋಡಲಿಲ್ಲ. ನೀರಿನ ಕಡೆಗೇ ಮುಖ ಮಾಡಿಕೊಂಡು, ಅವ್ವನಿಂದ ಕಲಿತ ಕನ್ನಡದಲ್ಲಿ, “ಹೂಂ, ನೋಡಿಕೊಂಡೇ ಇಳೀತೀನಿ” ಎಂದಳು. ಅವ್ವ ಇಬ್ಬರನ್ನೂ ಒಮ್ಮೆ ನೋಡಿ, ಮೊಮ್ಮಗಳ ತಲೆಗೆ ನೀರು ಚಿಮುಕಿಸಿದಳು.

ಮಂಚಾಲಮ್ಮನಿಗೆ ಕೈಮುಗಿದು ಒಳಗೆ ಹೋದೆವು. ಪ್ರಾಕಾರದಲ್ಲಿ ಒದ್ದೆಬಟ್ಟೆಯಲ್ಲಿ ಉರುಳುವವರು, ಹೆಜ್ಜೆಹೆಜ್ಜೆಗೂ ನಮಸ್ಕರಿಸುತ್ತ ನಡೆಯುವವರು. ಕನ್ನಡ, ತೆಲುಗು, ತಮಿಳು, ಮರಾಠಿಗಳು ಬೆರೆತ ಗೊಣಗುಟ್ಟುವಿಕೆ. ಗಾಲಿಕುರ್ಚಿಯಲ್ಲಿ ಒಬ್ಬ ತರುಣನನ್ನು ತಳ್ಳುತ್ತ ತಂದೆಯೊಬ್ಬರು ಸುತ್ತು ಹಾಕುತ್ತಿದ್ದರು. ಅವನ ತಲೆಯ ಬದಿಯಲ್ಲಿ ತಮ್ಮನಿಗಿರುವಂಥದೇ ಗಾಯದ ಗುರುತು. ನಮ್ಮನ್ನು ಕಂಡು, ಎಷ್ಟು ದಿನವಾಯಿತು ಎಂದು ಕೇಳಿದರು. ಒಂದು ವರ್ಷ ಎಂದೆವು. ತಮಗೆ ಮೂರು ಎಂದರು. ಹರಕೆ ತೀರಿಸಲು ಬಂದ ನಾವು, ಹರಕೆ ಹೊರಲು ಮತ್ತೆ ಬಂದ ಅವರು. ಅವರ ನಂಬಿಕೆ ನಮ್ಮದಕ್ಕಿಂತ ಕಡಿಮೆಯದೆಂದು ಯಾರು ಹೇಳಬಲ್ಲರು? ಮುಂದಕ್ಕೆ ಏನು ಮಾತಾಡಬೇಕೆಂದು ತಿಳಿಯದೆ ನಿಂತೆವು. ಅವ್ವ ತನ್ನ ಮಂತ್ರಾಕ್ಷತೆಯ ಪೊಟ್ಟಣದಲ್ಲಿ ಅರ್ಧವನ್ನು ಆ ಹುಡುಗನ ಅಂಗೈಗೆ ಹಾಕಿ ಬೆರಳುಗಳನ್ನು ತಾನೇ ಮಡಿಚಿದಳು.

ತಮ್ಮ ಸುತ್ತು ಹಾಕತೊಡಗಿದ. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ. ಏಳನೆಯದಕ್ಕೋ ಎಂಟನೆಯದಕ್ಕೋ ಅವನಿಗೆ ಲೆಕ್ಕ ತಪ್ಪಿತು. ಕಂಬಕ್ಕೊರಗಿ ಕುಳಿತಿದ್ದ ಅವ್ವ ಸುತ್ತಿಗೊಂದು ಅಕ್ಕಿಕಾಳನ್ನು ನೆಲದ ಮೇಲೆ ಇಡುತ್ತಿದ್ದಳಾದ್ದರಿಂದ ತೊಂದರೆಯಾಗಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ಆದ ಮೇಲೆ ಸೆರಗಿನ ಗಂಟು ಬಿಚ್ಚಿದರೆ, ವರ್ಷವಿಡೀ ಅರಿವೆಯ ಜೊತೆಗೆ ಒಗೆಸಿಕೊಂಡ ನಾಣ್ಯ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ತಮ್ಮನ ಕೈಯಿಂದಲೇ ಹುಂಡಿಗೆ ಹಾಕಿಸಿದಳು.

ಊಟದ ಪಂಕ್ತಿಯಲ್ಲಿ ಕುಳಿತಾಗ ಮಧ್ಯಾಹ್ನದ ಗುಳಿಗೆಯ ಹೊತ್ತಾಗಿತ್ತು. ಸೊಸೆ ಚೀಲದಿಂದ ತೆಗೆದು ಕೊಟ್ಟಳು. ಸಂಜೆ ನಿಲ್ದಾಣಕ್ಕೆ ಹಿಂದಿರುಗುವ ಬಸ್ಸಿನಲ್ಲಿ ತಾನೇ ಟಿಕೆಟು ಕೊಳ್ಳುತ್ತೇನೆಂದು ತಮ್ಮ ಹಟ ಮಾಡಿದ. ಒಂದು ಕಾಲಕ್ಕೆ ಕಾರ್ಖಾನೆಯ ಲಕ್ಷಗಟ್ಟಲೆ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆಯುತ್ತಿದ್ದವನು ಕಂಡಕ್ಟರು ಕೊಟ್ಟ ಚಿಲ್ಲರೆಯನ್ನು ಮೂರು ಸಲ ಎಣಿಸಿದ, ಮೂರು ಸಲವೂ ಬೇರೆ ಬೇರೆಯಾಗಿ ಬಂತು. ಹೆಂಡತಿ ಅವನ ಅಂಗೈಯ ಮೇಲೆಯೇ ನಾಣ್ಯಗಳನ್ನು ಒಂದೊಂದಾಗಿ ಸರಿಸುತ್ತ ಎಣಿಸತೊಡಗಿದಳು, ಒಂದನ್ನು ಕನ್ನಡದಲ್ಲಿ, ಮತ್ತೊಂದನ್ನು ತೆಲುಗಿನಲ್ಲಿ. ಮಗಳು ತನಗೆ ತಿಳಿದಂತೆ ಜೊತೆಗೂಡಿಸಿದಳು.